ಫೈಲ್ ಸರಿಯಾಗೇ ಇತ್ತು, ಶೆಲ್ ಹಳೇದಾಗಿತ್ತು

"ವರದಿ ಫೋಲ್ಡರ್‌ನಲ್ಲಿ ಬರೆಯೋಕೆ ಆಗ್ತಿಲ್ಲ, ಪರ್ಮಿಷನ್ ಡಿನೈಡ್ ಅಂತಿದೆ" ಎಂದು ಸಹೋದ್ಯೋಗಿ ಮೆಸೇಜ್ ಹಾಕಿದರು. ಐದು ನಿಮಿಷದ ಕೆಲಸ ಅಂದುಕೊಂಡೆ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.

ಲಿನಕ್ಸ್‌ನಲ್ಲಿ ಫೈಲ್‌ಗಳ ವಿವರ ತೋರಿಸುವ ಎಲ್‌ಎಸ್ ಕಮಾಂಡ್ ಹೊಡೆದು ನೋಡಿದೆ. ಫೋಲ್ಡರ್‌ನ ಗ್ರೂಪ್ 'ವರದಿ', ಪರ್ಮಿಷನ್ 775, ಅಂದರೆ ಒಡೆಯರಿಗೂ ಗ್ರೂಪ್‌ನವರಿಗೂ ಬರೆಯುವ ಹಕ್ಕಿದೆ, ಉಳಿದವರಿಗಿಲ್ಲ. ಅವರು ಆ ಗ್ರೂಪ್‌ನಲ್ಲೇ ಇರಲಿಲ್ಲ. ಯೂಸರ್‌ಮಾಡ್ ಕಮಾಂಡ್‌ನಿಂದ ಸೇರಿಸಿದೆ, ಚಿಕ್ಕ ಎ ಮತ್ತು ದೊಡ್ಡ ಜಿ ಎರಡನ್ನೂ ಹಾಕಿ. (ಎ ಇಲ್ಲದಿದ್ದರೆ ಅದು ಉಳಿದ ಗ್ರೂಪ್‌ಗಳಿಂದ ತೆಗೆದುಬಿಡುತ್ತದೆ. ಹಿಂದೊಮ್ಮೆ ಆ ಎ ಮರೆತು, ನನ್ನನ್ನು ನಾನೇ ಅಡ್ಮಿನ್ ಹಕ್ಕು ಕೊಡುವ ಸುಡೋ ಗ್ರೂಪ್‌ನಿಂದ ಆಚೆ ಹಾಕಿಕೊಂಡಿದ್ದೆ.) ಯಾರು ಯಾವ ಗ್ರೂಪ್‌ಗಳಲ್ಲಿದ್ದಾರೆ ಎಂದು ತೋರಿಸುವ ಐಡಿ ಕಮಾಂಡ್‌ಗೆ ಅವರ ಹೆಸರು ಕೊಟ್ಟೆ. 'ವರದಿ' ಬಂತು. ಆದರೂ ಅವರಿಗೆ ಅದೇ ಎರರ್!

ಅಲ್ಲಿಂದ ನಾನು ದಾರಿ ತಪ್ಪಿದೆ. ಮೇಲಿನ ಒಂದೊಂದು ಡೈರೆಕ್ಟರಿಯಲ್ಲೂ ಎಕ್ಸ್, ಅಂದರೆ ಒಳಹೋಗುವ ಹಕ್ಕು, ಇದೆಯಾ ಎಂದು ನೋಡಿದೆ. ಎಸಿಎಲ್ (ಮಾಮೂಲಿ ಪರ್ಮಿಷನ್ ಜೊತೆಗಿನ ಹೆಚ್ಚುವರಿ ಹಕ್ಕುಗಳ ಪಟ್ಟಿ) ಇದ್ದರೆ ಕೊನೆಯಲ್ಲಿ ಪ್ಲಸ್ ಗುರುತು ಬರುತ್ತಲ್ಲ, ಅದನ್ನೂ ಹುಡುಕಿದೆ. ಎಲ್ಲ ಸರಿಯಾಗೇ ಇತ್ತು. ಸುಮ್ನೆ ಎಲ್ಲರಿಗೂ ಎಲ್ಲ ಹಕ್ಕು ಕೊಡುವ 777 ಕೊಟ್ಟುಬಿಡೋಣ ಅನಿಸಿದ್ದೂ ನಿಜ. ಕೊಟ್ಟಿದ್ದರೆ ಕೆಲಸ ಆಗುತ್ತಿತ್ತು, ಕಾರಣ ಮಾತ್ರ ಗೊತ್ತಾಗುತ್ತಿರಲಿಲ್ಲ.

ಕೊನೆಗೆ, "ಹೆಸರು ಹಾಕದೆ ಬರೀ ಐಡಿ ಅಂತ ಹೊಡೀರಿ" ಎಂದೆ. ಅದರಲ್ಲಿ 'ವರದಿ' ಇಲ್ಲ! ಹೆಸರು ಕೊಟ್ಟರೆ ಐಡಿ ಓದುವುದು ಖಾತೆಯ ದಾಖಲೆಯನ್ನು. ಕೊಡದಿದ್ದರೆ ಈ ಶೆಲ್‌ನ (ನಾವು ಕಮಾಂಡ್ ಹೊಡೆಯುವ ಪ್ರೋಗ್ರಾಂನ) ಕೈಯಲ್ಲಿ ಈಗ ಯಾವ ಗ್ರೂಪ್‌ಗಳಿವೆ ಎಂದು ಹೇಳುತ್ತದೆ. ಗ್ರೂಪ್ ಪಟ್ಟಿ ಸಿಗುವುದು ಲಾಗಿನ್ ಆಗುವಾಗ. ಅಲ್ಲಿಂದ ಹುಟ್ಟಿದ ಪ್ರೊಸೆಸ್‌ಗಳಿಗೆಲ್ಲ (ಓಡುತ್ತಿರುವ ಪ್ರೋಗ್ರಾಂಗಳಿಗೆಲ್ಲ) ಅದೇ ಪಟ್ಟಿ. ಆಮೇಲೆ ಮಾಡಿದ ಬದಲಾವಣೆ ಅವುಗಳಿಗೆ ತಿಳಿಯುವುದೇ ಇಲ್ಲ.

"ಲಾಗ್‌ಔಟ್ ಆಗಿ ಮತ್ತೆ ಬಂದಿದ್ದೀನಲ್ಲಾ" ಎಂದರು. ಬಂದಿದ್ದರು, ಆದರೆ ವಾರಗಳಿಂದ ಓಡುತ್ತಿದ್ದ ಟಿಮಕ್ಸ್ ಸೆಷನ್‌ಗೇ ಮತ್ತೆ ಸೇರಿಕೊಂಡಿದ್ದರು. ಲಾಗ್‌ಔಟ್ ಆದರೂ ಶೆಲ್‌ಗಳನ್ನು ಓಡಿಸುತ್ತಲೇ ಇರುವ ಪ್ರೋಗ್ರಾಂ ಅದು. ಅದರಲ್ಲಿ ಎಷ್ಟು ಹೊಸ ಕಿಟಕಿ ತೆರೆದರೂ ಹುಟ್ಟುವುದು ಆ ಹಳೇ ಸರ್ವರ್‌ನಿಂದಲೇ. ಅದನ್ನು ಮುಚ್ಚಿಸಿ ಹೊಸದಾಗಿ ಲಾಗಿನ್ ಮಾಡಿಸಿದೆ. ಬರೆಯೋಕೆ ಆಯಿತು.

ಮರುದಿನ ದೂರು ಉಲ್ಟಾ ಬಂತು: ಅವರು ಮಾಡಿದ ಫೈಲನ್ನು ಉಳಿದವರು ತಿದ್ದೋಕಾಗ್ತಿಲ್ಲ. ಲಿನಕ್ಸ್‌ನಲ್ಲಿ ಹೊಸ ಫೈಲ್‌ಗೆ ಸಾಮಾನ್ಯವಾಗಿ ಮಾಡಿದವರ ಮುಖ್ಯ ಗ್ರೂಪೇ ಬರುತ್ತದೆ. ಫೋಲ್ಡರ್‌ನ ಗ್ರೂಪ್ ಬರಬೇಕೆಂದರೆ ಫೋಲ್ಡರ್‌ಗೆ ಸೆಟ್‌ಜಿಐಡಿ ಎಂಬ ಗುರುತು ಬೇಕು. 775ರ ಮುಂದೆ ಅದರ 2 ಸೇರಿಸಿ 2775 ಕೊಟ್ಟೆ. ಗ್ರೂಪ್‌ನ ಎಕ್ಸ್ ಜಾಗದಲ್ಲಿ ಎಸ್ ಕಾಣಿಸಿತು. ಒಳಗೆ ಮೊದಲೇ ಇದ್ದ ಫೋಲ್ಡರ್‌ಗಳಿಗೆ ಅದು ತಾನಾಗಿ ಇಳಿಯುವುದಿಲ್ಲ, ಅವುಗಳಿಗೂ ಬೇರೆಯಾಗಿ ಕೊಟ್ಟೆ. ಹೊಸ ಫೈಲ್‌ನಿಂದ ಯಾವ ಹಕ್ಕು ಕಳೆಯಬೇಕೆಂದು ಹೇಳುವ ಯೂಮಾಸ್ಕ್ 022 ಇತ್ತು, ಅಂದರೆ ಗ್ರೂಪ್‌ಗೆ ಬರೆಯುವ ಹಕ್ಕೇ ಹೋಗುತ್ತಿತ್ತು. 002 ಮಾಡಿಸಿದೆ.

ಆದರೂ ಒಂದು ಫೈಲ್ ಹಟ ಹಿಡಿಯಿತು. ವಿಚಾರಿಸಿದರೆ, ಅದನ್ನು ಅವರು ತಮ್ಮ ಹೋಮ್ ಫೋಲ್ಡರ್‌ನಲ್ಲಿ ಮಾಡಿ, ಫೈಲ್ ಜಾಗ ಬದಲಿಸುವ ಎಂವಿ ಕಮಾಂಡ್‌ನಿಂದ ತಂದಿದ್ದರು. ಒಂದೇ ಫೈಲ್‌ಸಿಸ್ಟಮ್ ಒಳಗೆ ಎಂವಿ ಅಂದರೆ ಬರೀ ಹೆಸರಿನ ಬದಲಾವಣೆ. ಹಳೇ ಗ್ರೂಪ್ ಜೊತೆಗೇ ಬರುತ್ತದೆ. ಸಿಪಿಯಿಂದ ನಕಲು ಮಾಡಿದ್ದರೆ ಹೊಸ ಫೈಲ್ ಹುಟ್ಟಿ 'ವರದಿ' ಸಿಗುತ್ತಿತ್ತು.

ಮುಂದಿನ ವಾರ, ಹಿನ್ನೆಲೆಯಲ್ಲಿ ಓಡುವ ಒಂದು ಸೇವೆಗೂ ಇದೇ ಎರರ್ ಬಂತು. ಈ ಸಲ ಫೈಲ್ ಕಡೆ ನೋಡಲೇ ಇಲ್ಲ. ಓಡುತ್ತಿರುವ ಪ್ರೊಸೆಸ್‌ಗಳ ವಿವರ ಸಿಗುವ ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್‌ನ ಸ್ಟೇಟಸ್ ತೆರೆದು ಗ್ರೂಪ್ಸ್ ಸಾಲು ಓದಿದೆ. 'ವರದಿ'ಯ ನಂಬರ್ ಅಲ್ಲಿ ಇರಲಿಲ್ಲ. ರೀಸ್ಟಾರ್ಟ್ ಮಾಡಿದೆ, ಬಂತು.