ಜನವರಿಯಲ್ಲಿ ವಿಯೆನ್ನಾ: ವಾರಾಂತ್ಯದಲ್ಲಿ ನಾವು ಸುತ್ತಿದ ಬಗೆ

ವಿಯೆನ್ನಾಗೆ ಹೊರಟಿದ್ದೇವೆ ಅಂದಾಗ ಮ್ಯೂನಿಕ್‌ನ ನಮ್ಮ ಕನ್ನಡದ ಗೆಳೆಯರೆಲ್ಲ, "ಈ ಚಳೀಲಿ ಯಾಕೆ? ಮೇ ತಿಂಗಳಲ್ಲಿ ಹೋಗಿ" ಅಂದರು. ನಾವು ಜನವರಿಯಲ್ಲೇ ಹೋದೆವು. ಕ್ರಿಸ್‌ಮಸ್ ಗಲಾಟೆ ಮುಗಿದು ರೂಮಿನ ಬಾಡಿಗೆ ಇಳಿದಿತ್ತು. ಜೊತೆಗೆ ಈ ಊರಿನ ಸೊಗಸೆಲ್ಲ ಇರುವುದು ಒಳಗಡೆ: ಕಾಫಿ ಮನೆ, ಒಪೆರಾ, ಮ್ಯೂಸಿಯಂ. ಬಿಸಿಲಿದ್ದಾಗ ಒಳಗೆ ಕೂರೋಕೆ ಮನಸ್ಸು ಬರಲ್ಲ. ಚಳಿಯಲ್ಲಿ ಆ ಯೋಚನೆಯೇ ಇಲ್ಲ.

ಮ್ಯೂನಿಕ್‌ನಿಂದ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಶುಕ್ರವಾರ ಆಫೀಸು ಮುಗಿಸಿಕೊಂಡೇ ಹತ್ತಿದೆವು.

ಜನವರಿಯಲ್ಲಿ ಇಲ್ಲಿ ನಾಲ್ಕೂವರೆ ಅಷ್ಟೊತ್ತಿಗೆ ಕತ್ತಲು. ಹಾಗಾಗಿ ಹೊರಗೆ ನೋಡುವುದನ್ನೆಲ್ಲ ಶನಿವಾರ ಬೆಳಿಗ್ಗೆಗೇ ಇಟ್ಟುಕೊಂಡೆವು. ಮೊದಲು ಸೇಂಟ್ ಸ್ಟೀಫನ್ಸ್ ಚರ್ಚಿನ ದಕ್ಷಿಣ ಗೋಪುರ. 343 ಮೆಟ್ಟಿಲು, ಎದುರಿಗೆ ಯಾರಾದರೂ ಇಳಿದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಅರ್ಧ ದಾರಿಗೇ ಜಾಕೆಟ್ ಬಿಚ್ಚಿದ್ದಾಯಿತು. ಮೇಲೊಂದು ಕಿಟಕಿಗಳಿರುವ ಕೋಣೆ ಇದೆ. ಅಲ್ಲಿಂದ ಚರ್ಚಿನ ಚಾವಣಿಯ ಬಣ್ಣದ ಹೆಂಚು ಹತ್ತಿರದಲ್ಲೇ ಕಾಣುತ್ತದೆ. ಸುಮಾರು 2,30,000 ಹೆಂಚು, ಅಂಕುಡೊಂಕು ಪಟ್ಟೆಗಳಲ್ಲಿ ಜೋಡಿಸಿದ್ದಾರೆ. 1945ರ ಏಪ್ರಿಲ್‌ನಲ್ಲಿ ಹಳೇ ಚಾವಣಿ ಸುಟ್ಟುಹೋಗಿ, ಇದನ್ನು ಹೊಸದಾಗಿ ಕಟ್ಟಿದ್ದು.

ಇಳಿದು, ಹಳೇ ಊರನ್ನು ಸುತ್ತುವ ರಿಂಗ್ ರಸ್ತೆಯ ಟ್ರಾಮ್ ಹತ್ತಿದೆವು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹಳೇ ಕೋಟೆಗೋಡೆ ಕೆಡವಲು ಆದೇಶ ಕೊಟ್ಟು, ಆ ಜಾಗದಲ್ಲಿ ಈ ರಸ್ತೆ ಮಾಡಿಸಿದ. ಪಾರ್ಲಿಮೆಂಟು, ಒಪೆರಾ, ಮ್ಯೂಸಿಯಂ ಎಲ್ಲ ಅದರ ಆಚೀಚೆ ಸಾಲಾಗಿವೆ. ದಿನದ ಪಾಸು ಇದ್ದರೆ ಟ್ರಾಮು, ಮೆಟ್ರೊ, ಬಸ್ಸು ಎಲ್ಲದಕ್ಕೂ ನಡೆಯುತ್ತದೆ. ಹೀಟರ್ ಪಕ್ಕ ಕೂತು ಊರು ನೋಡುವುದು, ಇದಕ್ಕಿಂತ ಇನ್ನೇನು ಬೇಕು? ಶೋನ್‌ಬ್ರುನ್ ಅರಮನೆ ಬಿಟ್ಟೆವು. ಅದರ ತೋಟ ಬೋಳಾಗಿರುವ ಕಾಲದಲ್ಲಿ ಅರ್ಧ ದಿನ ಅಲ್ಲಿ ಕಳೆಯುವುದು ನನಗೇನೋ ದಂಡ ಅನಿಸಿತು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ದೋಸೆ ಚೂರಿನಂಥದ್ದನ್ನು ಹಾಕಿದ ಸೂಪು ಕಂಡರೆ ಸುಮ್ನೆ ತಗೋಬೇಡಿ, ಅದರ ರಸ ಸಾಮಾನ್ಯವಾಗಿ ದನದ ಮಾಂಸದ್ದು. ಚೀಸ್ ಹಾಕಿದ, ಗಿಡ್ಡ ನೂಡಲ್ಸಿನಂಥ ಕೇಸ್‌ಶ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಚಳಿಗಾಲಕ್ಕೆ ರಸ್ತೆ ಬದಿ ಗಾಡಿಗಳಲ್ಲಿ ಚೆಸ್ಟ್‌ನಟ್ ಸುಟ್ಟು ಪೊಟ್ಟಣ ಕಟ್ಟಿ ಕೊಡುತ್ತಾರೆ, ಆಲೂಗಡ್ಡೆಯೂ ಇರುತ್ತದೆ. ಪೊಟ್ಟಣ ಹಿಡಿದರೆ ಕೈಯೂ ಬೆಚ್ಚಗಾಗುತ್ತದೆ.

ಕತ್ತಲಾಗುವ ಮುಂಚೆ ಕಾಫಿ ಮನೆ ಹೊಕ್ಕೆವು. ಮೆಲಾಂಜ್ ಅಂದರೆ ಹಾಲಿನ ನೊರೆ ಇರುವ ಕಾಫಿ. ಬೆಳ್ಳಿ ಬಣ್ಣದ ಸಣ್ಣ ತಟ್ಟೆಯಲ್ಲಿ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಮೇಲೆ ಬೋರಲು ಹಾಕಿದ ಚಮಚ. ಆ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಯದು, 1873ರಿಂದ ಕೊಳವೆಯಲ್ಲಿ ಊರಿಗೆ ಬರುತ್ತಿದೆ. ಪೇಪರ್‌ಗಳನ್ನು ಮರದ ಕೋಲಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ನಮ್ಮ ದರ್ಶಿನಿಯ ಹಾಗೆ ನಿಂತು ಕುಡಿದು ಹೊರಡುವ ವ್ಯವಹಾರ ಅಲ್ಲ ಇದು. ನಾವಾಗಿ ಕೇಳುವ ತನಕ ಬಿಲ್ಲೇ ಬರಲ್ಲ. "ಏನೇ, ಇವರು ನಮ್ಮನ್ನು ಮರೆತೇ ಬಿಟ್ರಾ?" ಅಂತ ನಮ್ಮ ಯಜಮಾನರು ಎರಡು ಸಲ ಕೇಳಿದರು.

ರಾತ್ರಿ ಸ್ಟೇಟ್ ಒಪೆರಾ. ನಿಂತು ನೋಡುವವರಿಗೆ ಬೇರೆ ಟಿಕೆಟ್ ಇದೆ, 20 ಯೂರೋ ಒಳಗೇ ಸಿಗುತ್ತದೆ. ಕೋಟು, ಬ್ಯಾಗು ಹೊರಗೆ ಕೊಟ್ಟು ಒಳಗೆ ಹೋದರೆ, ಕೆಳಗಿನ ನಿಲ್ಲುವ ಜಾಗ ನಡುವಿನ ದೊಡ್ಡ ಬಾಕ್ಸಿನ ಅಡಿಯಲ್ಲೇ, ವೇದಿಕೆಗೆ ನೇರ ಎದುರಿಗೆ. ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುವುದು ಇಲ್ಲಿನ ಹಳೇ ಅಭ್ಯಾಸ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿ ಬೆಳೆದವಳಿಗೆ ಇದನ್ನು ಹೇಳಿಕೊಡಬೇಕಾ! ಎದುರಿನ ಪುಟ್ಟ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ. ಕಾಲು ನೋಯುತ್ತದೆ, ಅದೇನೋ ನಿಜ. ಮೆತ್ತನೆಯ ಶೂ ಹಾಕಿಕೊಂಡು ಹೋಗಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತೆಗೆಯುತ್ತಲೇ ಕುನ್‌ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ, ಅಂದರೆ ಕಲಾ ಇತಿಹಾಸದ ಮ್ಯೂಸಿಯಂ. ಎಲ್ಲ ನೋಡುವ ಆಸೆ ಬಿಟ್ಟು ನೇರ ಬ್ರೂಗಲ್ ಚಿತ್ರಗಳ ಕೋಣೆಗೆ ಹೋದೆವು. 1565ರಲ್ಲಿ ಅವನು ಬರೆದ, ಹಿಮದಲ್ಲಿ ಬೇಟೆಗಾರರು ಮರಳುವ ಚಿತ್ರ ಅಲ್ಲಿದೆ. ಹತ್ತಿರ ನಿಂತು ನೋಡಿ. ಇಷ್ಟೆಲ್ಲ ನಾಯಿಗಳ ಹಿಂಡು ಕಟ್ಟಿಕೊಂಡು ಹೋದವರಿಗೆ ಸಿಕ್ಕಿರುವುದು ಒಂದು ಬಡಕಲು ನರಿ. ಎಡಗಡೆ ಹೋಟೆಲಿನ ಬೋರ್ಡು ಒಂದೇ ಕೊಂಡಿಯಲ್ಲಿ ನೇತಾಡುತ್ತಿದೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಊರಿನವರೆಲ್ಲ ಆಡುತ್ತಿದ್ದಾರೆ. ಫೋಟೋದಲ್ಲಿ ಅವರೆಲ್ಲ ಬರೀ ಚುಕ್ಕಿ. ಇಲ್ಲಿ ಜಾರಿ ಬಿದ್ದವರು ಕೂಡ ಕಾಣುತ್ತಾರೆ. ನಮ್ಮ ಯಜಮಾನರು ಆ ಚಿತ್ರದ ಎದುರಿನಿಂದ ಏಳಲೇ ಇಲ್ಲ. ಸೋಮವಾರ ಮ್ಯೂಸಿಯಂಗೆ ರಜೆ ಇರಬಹುದು, ಹೋಗುವ ಮುಂಚೆ ನೋಡಿಕೊಳ್ಳಿ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್. ರೈಲಿಗೆ ಬ್ರೆಡ್ಡು, ಹಣ್ಣು ಬೇಕೆಂದರೆ ದೊಡ್ಡ ಸ್ಟೇಷನ್ನಿನ ಸೂಪರ್ ಮಾರ್ಕೆಟ್ಟೇ ಗತಿ. ಅದು ಊರಿಗೆಲ್ಲ ಗೊತ್ತು, ಹಾಗಾಗಿ ಕ್ಯೂಗೆ ಅರ್ಧ ಗಂಟೆ ಮೊದಲೇ ಹೋಗಿ.