ಹೆಬ್ಬೆರಳ ಮರೆಯಲ್ಲಿ 120 ಕೋಟಿ ವರ್ಷ: ಗ್ರ್ಯಾಂಡ್ ಕ್ಯಾನ್ಯನ್ ಇಳಿಯುವ ನನ್ನ ಕ್ರಮ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಎಂಬ ಶಿಖರಗಳಿವೆ. ಹೆಸರು ಕೇಳಿ ಪುಳಕಗೊಂಡ ನಮ್ಮವರು ಅಂಚಿನಲ್ಲೇ ನಾಲ್ಕು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿ ಕೈಮುಗಿಯಬೇಕಾದ್ದು ಶಿಖರಕ್ಕಲ್ಲ, ಬಂಡೆಗೋಡೆಯಲ್ಲಿರುವ ಒಂದು ಗೆರೆಗೆ. ಅದಕ್ಕೆಂದೇ ಎರಡು ದಿನ ಇಟ್ಟುಕೊಳ್ಳುತ್ತೇನೆ.

ಮೊದಲ ಸಂಜೆ ಮೇಲಂಚಿನ ‘ಟ್ರೇಲ್ ಆಫ್ ಟೈಮ್’ ಎಂಬ ಕಾಲುದಾರಿ. ಶುರುವಾಗುವುದು ಯವಪಾಯ್ ಮ್ಯೂಸಿಯಂ ಹತ್ತಿರ. ಒಂದು ಮೀಟರ್ ಎಂದರೆ ಹತ್ತು ಲಕ್ಷ ವರ್ಷ; ನೆಲದಲ್ಲಿ ಕಂಚಿನ ಗುರುತುಗಳಿವೆ. ಕಣಿವೆಯೊಳಗಿನ ಬಂಡೆಗಳನ್ನೇ ದಾರಿಬದಿಗೆ ತಂದಿಟ್ಟಿದ್ದಾರೆ, ಮುಟ್ಟಿ ನೋಡಬಹುದು. ಟಪೀಟ್ಸ್ ಮರಳುಗಲ್ಲಿಗೆ ಸುಮಾರು 50 ಕೋಟಿ ವರ್ಷ, ಅದರಡಿಯ ವಿಷ್ಣು ಶಿಸ್ಟ್‌ಗೆ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಬಂಡೆ) ಸುಮಾರು 170 ಕೋಟಿ. 500ರ ಗುರುತಿನಿಂದ (50 ಕೋಟಿ ವರ್ಷ) 1700ರವರೆಗೆ (170 ಕೋಟಿ) ಮಾತಾಡದೆ ನಡೆಯಿರಿ. 1,200 ಮೀಟರ್. ಕಾಲು ಗಂಟೆ ಮೀರುತ್ತದೆ. ಆ ದೂರ ಕಾಲಿಗೆ ನೆನಪಿರಲಿ.

ಮರುದಿನ ಬ್ರೈಟ್ ಏಂಜೆಲ್ ದಾರಿಯಲ್ಲಿ ಇಳಿದು, ಕಣಿವೆಯೊಳಗೆ ನದಿಯ ಮೇಲಿರುವ ಪ್ಲಾಟೊ ಪಾಯಿಂಟ್‌ಗೆ. ಹೋಗಿ ಬರಲು ಸುಮಾರು 19.5 ಕಿ.ಮೀ., ಇಳಿತ 940 ಮೀಟರ್. ಅಕ್ಟೋಬರ್ ಅಥವಾ ಏಪ್ರಿಲ್ ಒಳ್ಳೆಯದು. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಇದು ಬೇಡವೇ ಬೇಡ. ಆಳದಲ್ಲಿ ಮೇಲಿಗಿಂತ 11 ಡಿಗ್ರಿವರೆಗೆ ಸೆಕೆ ಹೆಚ್ಚು. ಹೆಡ್‌ಲ್ಯಾಂಪ್ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಇಳಿಯಿರಿ. ಕಾಲುಗುರು ಹಿಂದಿನ ದಿನವೇ ಕತ್ತರಿಸಿ, ಶೂ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿದು ಕಟ್ಟಿ. ಇಲ್ಲವಾದರೆ ಇಳಿಯುವಾಗ ಬೆರಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ.

ಮೂರು ಲೀಟರ್ ನೀರು ಹೊತ್ತೇ ಹೊರಡಿ. ದಾರಿಯಲ್ಲಿ ನಲ್ಲಿಗಳುಂಟು, ಆದರೆ ಚಳಿಗಾಲದಲ್ಲಿ ಕೆಲವನ್ನು ಮುಚ್ಚುತ್ತಾರೆ, ಕೊಳವೆ ಒಡೆದರೂ ನೀರಿಲ್ಲ. ಹಾಗೆಂದು ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು. ಪ್ರತಿ ಸಲ ನೀರಿನ ಜೊತೆ ಉಪ್ಪಿನದೇನಾದರೂ ತಿನ್ನಿ: ಖಾರದ ಶೇಂಗಾ, ನಿಪ್ಪಟ್ಟು, ಕೋಡುಬಳೆ. (ಚೀಲ ನೆಲಕ್ಕಿಟ್ಟು ಮರೆತರೆ ಅಳಿಲುಗಳು ಹರಿದು ನಿಪ್ಪಟ್ಟು ಮುಗಿಸುತ್ತವೆ. ಕಚ್ಚುತ್ತವೆ ಕೂಡ.) ಹೇಸರಗತ್ತೆಗಳು ಬಂದರೆ ಬೆಟ್ಟದ ಕಡೆಗೆ ಸರಿದು ಅಲುಗಾಡದೆ ನಿಲ್ಲಿ.

7.2 ಕಿ.ಮೀ.ಗೆ ಹವಸುಪೈ ಗಾರ್ಡನ್ಸ್, ಹಳ್ಳದ ಪಕ್ಕ ಮರಗಳ ನೆರಳು. ಅಲ್ಲಿಂದ ಮುಂದೆ ಬಟಾಬಯಲು. ಪ್ಲಾಟೊ ಪಾಯಿಂಟ್‌ನಲ್ಲಿ ನೀವು ನಿಂತಿರುವುದೇ ಟಪೀಟ್ಸ್ ಮೇಲೆ: ಕಂದು ಬಣ್ಣ, ಮಟ್ಟಸವಾದ ಪದರಗಳು. ನದಿಯಾಚೆ ನೋಡಿ. ಅದೇ ಕಂದು ಪದರದಡಿ ಕಪ್ಪು ವಿಷ್ಣು ಶಿಸ್ಟ್, ನೆಟ್ಟಗೆ ನಿಂತ ಸೀಳುಗಳು, ನಡುನಡುವೆ ಗುಲಾಬಿ ಗ್ರಾನೈಟ್ ನಾಳಗಳು. ಎರಡೂ ಕೂಡುವ ಗೆರೆಗೆ ತೋಳು ಚಾಚಿ ಹೆಬ್ಬೆರಳು ಅಡ್ಡ ಹಿಡಿಯಿರಿ. ನಿನ್ನೆ ನಡೆದ 1,200 ಮೀಟರ್ ಪೂರ್ತಿ ಅದರ ಹಿಂದೆ ಅಡಗುತ್ತದೆ. ಅಷ್ಟು ಕಾಲದ ಬಂಡೆ ಸವೆದುಹೋಗಿ ಅಲ್ಲಿ ಇಲ್ಲವೇ ಇಲ್ಲ. ಫೋನ್ ಚೀಲದಲ್ಲಿರಲಿ, ಅರ್ಧ ಗಂಟೆ ಕೂರಿ. ಇಂಥದೇ ಗೆರೆ ತಿರುಮಲದ ಘಾಟಿ ರಸ್ತೆಯಲ್ಲೂ ಇದೆ. ಗೋವಿಂದಾ ಎನ್ನುತ್ತಾ ಅದರ ಪಕ್ಕದಲ್ಲೇ ಹತ್ತಿ ಹೋಗುತ್ತೇವೆ.

ಕರ್ಪೂರ, ಕುಂಕುಮ, ಕಲ್ಲುಗುಪ್ಪೆ ಯಾವುದೂ ಬೇಡ. ಇದು ಹವಸುಪೈ, ಹೋಪಿ ಮುಂತಾದ ಮೂಲನಿವಾಸಿ ಜನರ ಪವಿತ್ರ ನೆಲ. ಹವಸುಪೈ ಜನರನ್ನು ಒಕ್ಕಲೆಬ್ಬಿಸಿದ ಆ ತೋಟಕ್ಕೆ ಅವರ ಹೆಸರು ಬಂದದ್ದು 2022ರಲ್ಲಿ.

ಹತ್ತಲು ಇಳಿದದ್ದರ ಎರಡು ಪಟ್ಟು ಹೊತ್ತು ಬೇಕು. ತೋಟದಲ್ಲಿ ಅಂಗಿ, ಟೋಪಿ ನೆನೆಸಿಕೊಂಡೇ ಹೊರಡಿ. ಮಾತಾಡಲು ಏದುಸಿರು ಬರುತ್ತಿದೆ ಎಂದರೆ ನಡಿಗೆ ಜೋರಾಯಿತೆಂದೇ ಅರ್ಥ.