ಆರು ಭಾನುವಾರ, ಒಂದು ಟೊಮೇಟೊ ಲೆಕ್ಕ

ಕೋಲಾರದಲ್ಲಿ ಪಿಯುಸಿ, ಡಿಗ್ರಿ ಓದುವ ಹನ್ನೆರಡು ಮಕ್ಕಳಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡೋಣ ಅಂತ ಕೂತಾಗ ನನ್ನ ಮೊದಲ ಪಟ್ಟಿ ಎರಡು ಪುಟ ಆಗಿತ್ತು. ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ಅಂದ ಕೊಡುವ ಸಿಎಸ್‌ಎಸ್, ಲೆಕ್ಕ ಮಾಡಿಸುವ ಜಾವಾಸ್ಕ್ರಿಪ್ಟ್, ಮಾಹಿತಿ ಕೂಡಿಡುವ ಡೇಟಾಬೇಸ್, ಎಲ್ಲಾ. ಇದ್ದದ್ದು ಆರು ಭಾನುವಾರ, ದಿನಕ್ಕೆ ಎರಡು ಗಂಟೆ. ಇಷ್ಟನ್ನೂ ತುರುಕಿದರೆ ಯಾವುದೂ ತಲೆಗೆ ಹತ್ತಲ್ಲ, ಅಲ್ವಾ?

ಹಾಗಾಗಿ ಕೊನೆಯಿಂದ ಯೋಚಿಸಿದೆ. ಆರನೇ ವಾರ ಇವರು ಏನು ಮಾಡಿ ಮುಗಿಸಿರಬೇಕು? ಸುಮಾರು ಮಕ್ಕಳ ಮನೆಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಇಲ್ಲಿನ ಎಪಿಎಂಸಿಯಲ್ಲಿ ವ್ಯಾಪಾರ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಎಷ್ಟು ಬಾಕ್ಸ್, ಏನು ರೇಟು ಅಂತ ಹಾಕಿದರೆ ಗಾಡಿ ಬಾಡಿಗೆ, ಕೂಲಿ ಕಳೆದು ಉಳಿದ ದುಡ್ಡು ತೋರಿಸುವ ಒಂದೇ ವೆಬ್ ಪುಟ ಸಾಕು ಅಂತ ತೀರ್ಮಾನ ಮಾಡಿದೆ. ಅದಕ್ಕೆ ಬೇಡದ್ದನ್ನೆಲ್ಲ ಹೊಡೆದು ಹಾಕಿದೆ. ಡೇಟಾಬೇಸ್ ಪೂರ್ತಿ ಹೋಯಿತು. ಸಿಎಸ್‌ಎಸ್‌ಗೆ ಒಂದೇ ವಾರ.

ನೋಟ್‌ಪ್ಯಾಡ್, ಬ್ರೌಸರ್ ಇದ್ದರೆ ಆಯಿತು, ಇಂಟರ್ನೆಟ್ ಬೇಕಾಗಲಿಲ್ಲ. ಆದರೆ ಮೊದಲ ದಿನ ಫೈಲ್ ಸೇವ್ ಮಾಡೋದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಫೈಲ್ ಹೆಸರು ಎಚ್‌ಟಿಎಂಎಲ್ ಅಂತ ಮುಗಿಯಬೇಕು, ಆದರೆ ಅದರ ಕೊನೆಗೆ ನೋಟ್‌ಪ್ಯಾಡ್ ತಾನೇ ಟಿಎಕ್ಸ್‌ಟಿ ಅಂತ ಸೇರಿಸಿಬಿಡುತ್ತದೆ, ವಿಂಡೋಸ್ ಅದನ್ನು ತೋರಿಸುವುದೂ ಇಲ್ಲ. ತೆರೆದರೆ ಪುಟದ ಬದಲು ಬರೀ ಟ್ಯಾಗ್‌ಗಳು, ಅಂದರೆ ನಾವು ಬರೆದ ಕೋಡ್ ಹಾಗೇ ಕಾಣುತ್ತದೆ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಬೇಕು. ಈಗ ಇದನ್ನೇ ಮೊದಲ ಪಾಠ ಮಾಡಿದ್ದೇನೆ.

ನಾಲ್ಕನೇ ವಾರ ಒಬ್ಬ ಹುಡುಗಿ ಕರೆದಳು. "ಸಾರ್, ಬೆಳಿಗ್ಗೆ 12 ಬಾಕ್ಸ್, ಸಂಜೆ 8. ಒಟ್ಟು 128 ಅಂತಿದೆ!" ಹಿಂದಿನ ವಾರ ಅದೇ ಪುಟದಲ್ಲಿ ಗುಣಾಕಾರ ಸರಿಯಾಗೇ ಬಂದಿತ್ತು. ನಾನು ಉತ್ತರ ಹೇಳಲಿಲ್ಲ. ಕಳೆದು ನೋಡು, ಗುಣಿಸಿ ನೋಡು ಅಂದೆ. ಎರಡೂ ಸರಿ, ಕೂಡಿಸುವುದು ಮಾತ್ರ ತಪ್ಪು. ಹತ್ತು ನಿಮಿಷ ನೋಡಿದ ಮೇಲೆ ಅವಳೇ ಅಂದಳು, "ಇದು ಕೂಡಿಸ್ತಿಲ್ಲ ಸಾರ್, ಪಕ್ಕಪಕ್ಕ ಅಂಟಿಸ್ತಿದೆ." ಹೌದು. ಇನ್‌ಪುಟ್ ಡಬ್ಬಿಯಲ್ಲಿ ಬರೆದದ್ದು ಜಾವಾಸ್ಕ್ರಿಪ್ಟ್ ಕೈಗೆ ಅಕ್ಷರವಾಗಿ ಸಿಗುತ್ತದೆ. ಗುಣಿಸುವಾಗ, ಕಳೆಯುವಾಗ ಅದು ತಾನೇ ಅಂಕಿ ಮಾಡಿಕೊಳ್ಳುತ್ತದೆ. ಪ್ಲಸ್ ಹಾಕಿದರೆ ಜೋಡಿಸುತ್ತದೆ. ಮೊದಲು 'ನಂಬರ್' ಫಂಕ್ಷನ್‌ಗೆ ಕೊಟ್ಟರೆ 20 ಬರುತ್ತದೆ. ಡೇಟಾ ಟೈಪ್, ಅಂದರೆ ಅಕ್ಷರ ಬೇರೆ ಅಂಕಿ ಬೇರೆ ಅನ್ನುವುದರ ಬಗ್ಗೆ ನಾನು ಬರೆದಿಟ್ಟಿದ್ದ ಪಾಠ ಮಾಡಲೇ ಇಲ್ಲ, ಬೇಕಾಗಲಿಲ್ಲ.

ಕೊನೆಯ ಭಾನುವಾರ ಒಬ್ಬ ಹುಡುಗ ಅಪ್ಪನ ಮಂಡಿ ಚೀಟಿ ತಂದು ತನ್ನ ಪುಟದಲ್ಲಿ ಹಾಕಿ ನೋಡಿದ. ಎರಡೂ ಲೆಕ್ಕ ಒಂದೇ ಬಂತು. ಎಲ್ಲರೂ ಅವನ ಸುತ್ತ ನಿಂತಿದ್ದರು.

ಮುಂದಿನ ಬ್ಯಾಚ್‌ಗೆ ಎಂಟು ಭಾನುವಾರ ಇಟ್ಟಿದ್ದೇನೆ. ಜಾಸ್ತಿ ಸಿಕ್ಕ ಎರಡೂ ವಾರ ಜಾವಾಸ್ಕ್ರಿಪ್ಟ್‌ಗೇ.